ಕಾಕಾನ ಕರಿ ರಾಣಿಯರು

ನಮ್ಮ ಕಾಕಾನ ಮೀಸೆ ಕಂಡರೆ ಆಳಂದದ ಬಜಾರಿನಲ್ಲಿ ಬೀದಿನಾಯಿಗಳೂ ದಾರಿ ಬಿಡುತ್ತಿದ್ದವು. ಆದರೆ ಆ ಮೀಸೆಯ ಒಡೆಯ ಇಡೀ ದಿನ ಮಾಡುತ್ತಿದ್ದುದೇನು? ಮಕ್ಕಳ ಚಿತ್ರಕಥೆ ಓದುವುದು! ನಮ್ಮಪ್ಪನ ತಮ್ಮ, ಬಟ್ಟೆ ಅಂಗಡಿಯ ಮಾಲಕ, ಊರಿನ ನಾಲ್ಕು ಮಂದಿಯಲ್ಲಿ ಮಾನವಂತ. ಕಾಮಿಕ್ಸ್ ಕೈಗೆ ಸಿಕ್ಕರೆ ಮಾತ್ರ ನಮಗಿಂತ ಚಿಕ್ಕವನು.

ಗಿರಾಕಿ ಬಂದು ಧೋತರ ಕೇಳಿದರೆ, "ತಡೀರಿ ಗೌಡ್ರ, ರಾಜಕುಮಾರ ಬಾವ್ಯಾಗ ಬಿದ್ದಾನ. ಅವ ಮ್ಯಾಲ ಬರಲಿ, ಆಮ್ಯಾಲ ತೋರಸ್ತೇನಿ" ಎನ್ನುತ್ತಿದ್ದ. ಗೌಡರಾದರೂ ಸಿಟ್ಟಾಗಬೇಕೋ ಬೇಡವೋ? ಅವರೂ ಗಲ್ಲಾಪೆಟ್ಟಿಗೆಯ ಮೇಲೆ ಬಗ್ಗಿ, "ಹಗ್ಗ ಯಾರ ಒಗದ್ರೀ?" ಎಂದು ಕೇಳುತ್ತ ಕೂತುಬಿಡುತ್ತಿದ್ದರು! ರಾಜಕುಮಾರ ಬದುಕಿಕೊಳ್ಳುತ್ತಿದ್ದ, ಧೋತರ ಅಂಗಡಿಯಲ್ಲೇ ಉಳಿಯುತ್ತಿತ್ತು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಈ ಮಹಾನುಭಾವನ ತಲೆಗೆ ಹೊಸ ಹುಳ ಹೊಕ್ಕಿತು. "ಸಾಹಿತಿಗಳು ಸಮ್ಮೇಳನ ಮಾಡ್ತಾರ. ಚಿತ್ರಕಥಿ ಓದೋರು ಏನ್ ಪಾಪ ಮಾಡ್ಯಾರ?" ಅಫಜಲಪುರದ ಗೆಳೆಯನ ಖಾಲಿ ಶೇಂಗಾ ಗೋದಾಮು ಸಮ್ಮೇಳನಕ್ಕೆ ನಿಗದಿಯಾಯಿತು. ಜೇವರ್ಗಿಯ ಡ್ರಾಯಿಂಗ್ ಮಾಸ್ತರರೊಬ್ಬರು ಶಿಷ್ಯರನ್ನು ಕಟ್ಟಿಕೊಂಡು ಬರುವುದಾಗಿ ಹೇಳಿ ಕಳಿಸಿದರು. ಮಕ್ಕಳೆಲ್ಲ ಕಥೆಯ ಪಾತ್ರಗಳ ವೇಷ ಹಾಕಿಕೊಂಡು ಬರಬೇಕೆಂದು ಕಾಕಾನ ಅಪ್ಪಣೆ.

ನನಗೆ ರಾಜಕುಮಾರಿಯಾಗುವ ಆಸೆ. ಓಣಿಯ ಹುಡುಗಿಯರ ತೀರ್ಮಾನವೇ ಬೇರೆ: "ನೀ ರಾಕ್ಷಸಿ ಆಗಬೇ. ಬಣ್ಣ ಹಚ್ಚೋ ತ್ರಾಸ ಇಲ್ಲ!" ನಾನು ಕಪ್ಪು. ಮದುವೆ ಮನೆಗೆ ಹೊರಡುವಾಗ ನಮ್ಮ ಆಯಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಡುತ್ತ ಬರುತ್ತಿದ್ದಳು. ನನ್ನ ಮುಂದೆ ಬಂದಾಗ ಮಾತ್ರ ಬೆರಳು ಹಿಂದಕ್ಕೆ ಹೋಗುತ್ತಿತ್ತು. "ನಿನಗ ಯಾರ ಕಣ್ಣ ಬೀಳ್ತಾವ ಬಿಡವ್ವಾ. ದೇವ್ರು ಮೊದಲ ಮೈತುಂಬ ಹಚ್ಚಿ ಕಳಿಸ್ಯಾನ!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಏನು ಮಾಡುವುದು?

"ನಾ ಸಮ್ಮೇಳನಕ್ಕ ಬರಂಗಿಲ್ಲ ಕಾಕಾ" ಎಂದು ಅತ್ತು ಕಾರಣ ಹೇಳಿದೆ. ಕಾಕಾ ಟ್ರಂಕಿನ ಪುಸ್ತಕಗಳನ್ನೆಲ್ಲ ನೆಲಕ್ಕೆ ಸುರುವಿ ಕರಿ ರಾಜಕುಮಾರಿಯನ್ನು ಹುಡುಕಿದ. ಒಬ್ಬಳೂ ಸಿಗಲಿಲ್ಲ! "ಇರಲಿ. ನೀನಽ ರಾಜಕುಮಾರಿ. ಉಳಿದದ್ದು ನನಗ ಬಿಡು" ಎಂದ. ಮರುದಿನ ಬೆಳಿಗ್ಗೆ ಕಾಕಾನ ಹೆಂಡತಿ ಕಾಕು ಒಳಗಿನಿಂದ ಕೂಗಿದಳು: "ಏನ್ರೀ, ನನ್ನ ಕಾಡಿಗಿ ಡಬ್ಬಿ ನುಂಗಿದ್ರೇನ್ರೀ?"

ಸಮ್ಮೇಳನದ ದಿನ ನಾನೂ ಗೆಳತಿ ಶಮೀಮಳೂ ಕಾಕಾನ ಜೊತೆ ಅಫಜಲಪುರದ ಬಸ್ ಹತ್ತಿದೆವು. ನನ್ನ ಚೀಲದಲ್ಲಿ ಕಾಕುವಿನ ಇಳಕಲ್ ಸೀರೆ ಮತ್ತು ಕಾಕಾ ರಟ್ಟಿನಲ್ಲಿ ಕತ್ತರಿಸಿದ ಕಿರೀಟ. ಗೋದಾಮು ಜನರಿಂದ ತುಂಬಿಹೋಗಿತ್ತು. ಕಾಕಾ ಅಲ್ಲೇ ಬಿದ್ದಿದ್ದ ಒಂದು ಹಳೆ ಮೂಟೆಯ ಮೇಲೆ ಹತ್ತಿ ನಿಂತು ಮೊದಲ ಪ್ರಶ್ನೆ ಎಸೆದ.

"ನಮ್ಮ ಬಿಸಿಲಾಗ ಹಿಂತಾ ಬೆಳ್ಳನ ರಾಣಿ ಎಲ್ಲಿಂದ ಬಂದ್ಳ್ರೀ?"

ಜೇವರ್ಗಿ ಮಾಸ್ತರರು ಎದ್ದರು. "ರಾಣಿ ಹೊಲಕ್ಕ ಹೋಗಂಗಿಲ್ರಿ. ಮಹಲಿನಾಗ ನೆರಳಿಗೆ ಇರ್ತಾಳ."

"ಹಂಗಾದ್ರ ರಾಕ್ಷಸ ಯಾವ ಹೊಲಕ್ಕ ಹೋಗ್ಯಾನ್ರೀ? ಅವನೂ ಮಹಲಿನಾಗಽ ಇರ್ತಾನ, ಅವ ಯಾಕ ಕರಿ?"

ಮಾಸ್ತರರು ಕೂತರು. ಮೆಲುದನಿಯ ಶಮೀಮ್ ಎದ್ದಳು. "ಕಾಕಾ, ನಮ್ಮ ಅಬ್ಬಾನಂಥ ಗಡ್ಡದವ್ರು ಬಂದ್ರಂದ್ರ ಕೈಯಾಗ ಚೂರಿ ಯಾಕ ಇರ್ತದ್ರೀ? ನಮ್ಮ ಅಬ್ಬಾ ಚೂರಿಲೆ ಉಳ್ಳಾಗಡ್ಡಿ ಸುದ್ದಾ ಹೆಚ್ಚಂಗಿಲ್ಲ!" ಗೋದಾಮಿನ ತಗಡು ಹಾರುವಂಥ ಚಪ್ಪಾಳೆ! ದೊಡ್ಡ ಊರಿನ ಪಂಡಿತರು ಕೂಡ ಇಂಥ ಗೋಷ್ಠಿ ನಡೆಸಿರಲಾರರು.

ಆಗ ಕಾಕಾ ಹೆಮ್ಮೆಯಿಂದ ಚೀಲ ಬಿಚ್ಚಿ ತಾನು ತಿದ್ದಿದ ಪುಸ್ತಕಗಳನ್ನು ಹಂಚಿದ. ಪ್ರತಿ ಪುಸ್ತಕದಲ್ಲೂ ರಾಣಿಯ ಮುಖಕ್ಕೆ ಕಾಕುವಿನ ಕಾಡಿಗೆ! ಪಾಪ, ಔಡಲೆಣ್ಣೆಯ ಕಾಡಿಗೆ ಒಣಗುವುದಿಲ್ಲವೆಂಬುದು ಮೀಸೆ ಹೊತ್ತ ಗಂಡಸಿಗೆ ಹೇಗೆ ತಿಳಿಯಬೇಕು? ಪುಟ ತಿರುಗಿಸಿದವರ ಬೆರಳೆಲ್ಲ ಕಪ್ಪಾದವು. ಅಫಜಲಪುರದ ಸೆಕೆಗೆ ಬೆವರು ಒರೆಸಿಕೊಂಡವರ ಮುಖಗಳೂ ಕಪ್ಪಾದವು. ಬೆಳ್ಳಗೆ ಮಿರುಗುತ್ತಿದ್ದ ಮಾಸ್ತರರ ಮೂಗು ಮೊದಲು ಹೋಯಿತು, ಆಮೇಲೆ ಹಣೆ. ರಾಜ ಯಾರು, ರಾಕ್ಷಸ ಯಾರು, ಒಂದೂ ತಿಳಿಯದಂತಾಯಿತು!

ಒಬ್ಬರ ಮುಖ ನೋಡಿ ಇನ್ನೊಬ್ಬರು ಹೊಟ್ಟೆ ಹಿಡಿದು ನಗುತ್ತಿರುವಾಗಲೇ ಕಾಕಾ ಗುಡುಗಿದ: "ರಾಜಕುಮಾರಿ ಬರಾಕತ್ಯಾಳ, ದಾರಿ ಬಿಡ್ರಿ!" ನಾನು ಸೀರೆ ಎಡವುತ್ತ, ಕಿರೀಟ ಹಿಡಿದುಕೊಳ್ಳುತ್ತ ನಡುವೆ ನಡೆದುಬಂದೆ. ರಾಕ್ಷಸಿ ಅನ್ನುವ ಬಾಯಿ ಅಲ್ಲಿ ಒಂದೂ ಇರಲಿಲ್ಲ. ಮಾಸ್ತರರೇ ಮೊದಲು ಎದ್ದು ನಿಂತು, ಆ ಕರಿ ಮುಖದಲ್ಲೇ ಕೈಮುಗಿದು, "ಬರ್ರಿ ರಾಜಕುಮಾರಿ" ಎಂದರು. ನನ್ನ ಜನ್ಮದಲ್ಲಿ ಅಷ್ಟು ಮಂದಿ ಅಷ್ಟು ಖುಷಿಯಿಂದ ನನ್ನನ್ನು ನೋಡಿದ್ದು ಅದೇ ಮೊದಲು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಕಿಸೆಯಿಂದ ಡಬ್ಬಿ ತೆಗೆದ. ಕಾಕುವಿಗೆ ಏನು ಸುಳ್ಳು ಹೇಳುವುದೆಂದು ಯೋಚಿಸುತ್ತಿದ್ದಾನೆ ಅಂದುಕೊಂಡೆ. ಇಲ್ಲ. ಮೂಲೆಯಲ್ಲಿ ಉಳಿದಿದ್ದ ಚೂರು ಕಾಡಿಗೆಯನ್ನು ಕಿರುಬೆರಳಿನಿಂದ ಬಳಿದು ನನ್ನ ಕೆನ್ನೆಗೆ ಒತ್ತಿದ.

"ನನ್ನ ಮಾರಿ ಮ್ಯಾಲ ಕಾಣಸ್ತದೇನ್ ಕಾಕಾ?"

"ಕಾಣಬೇಕಂತ ಯಾರ ಹೇಳ್ಯಾರವ್ವಾ? ಅಷ್ಟು ಮಂದಿ ನೋಡ್ಯಾರ ನಿನ್ನ. ದೃಷ್ಟಿ ಆದೀತು."

ಬಸ್ಸು ಬಂತು. ಆಳಂದ ಬರುವ ತನಕ ನಾನು ಅಳು ನುಂಗಿಕೊಂಡೇ ಕೂತಿದ್ದೆ. ಕಣ್ಣೀರು ಹರಿದರೆ ಬೊಟ್ಟು ಅಳಿಸಿಹೋದೀತಲ್ಲ!