ಧನುರ್ಮಾಸದಲ್ಲಿ ತುಂಬಿದ ಛತ್ರ

ಮಕ್ಕಳಿಗೆ ದೇವರ ವಿಷಯ ಹೇಳಿಕೊಡಲು ಕೂತ ದೊಡ್ಡವರು ನಗೆಪಾಟಲಾಗದೆ ಎದ್ದದ್ದನ್ನು ನಾನಂತೂ ಕಂಡಿಲ್ಲ. ಬೇರೆಯವರ ಮನೆಯಲ್ಲಿ ಅದು ಅಪರೂಪಕ್ಕೊಮ್ಮೆ ಆಗುತ್ತದೋ ಏನೋ, ನಮ್ಮ ಮನೆಯಲ್ಲಿ ಆ ಒಂದು ಡಿಸೆಂಬರಿನಲ್ಲಿ ದಿನ ಬೆಳಗಾದರೆ ಆಗುತ್ತಿತ್ತು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನು ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಒಂಟಿಕೊಪ್ಪಲಿನಲ್ಲಿ ಬಾಡಿಗೆ ಮನೆ. ಆ ವರ್ಷದ ಮಳೆಗಾಲದಲ್ಲಿ ಹೆಂಡತಿ ತೀರಿಕೊಂಡಳು. ಎಂಟು ವರ್ಷದ ಮಗ, ಐದು ವರ್ಷದ ಮಗಳು, ಅನ್ನ ಬಸಿಯಲೂ ಬಾರದ ನಾನು, ಇಷ್ಟು ಜನ ಉಳಿದೆವು. ಮಣ್ಣು ಮಾಡಿ ಬಂದ ದಿನವೇ ಅವಳ ಅಕ್ಕ, ಅಂದರೆ ಮಕ್ಕಳ ದೊಡ್ಡಮ್ಮ, ನನ್ನನ್ನು ಒಳಗೆ ಕರೆದರು.

"ನೋಡಿ, ಗಂಡು ಹುಡುಗ ಹೇಗೋ ಬೆಳೀತಾನೆ. ಹೆಣ್ಣು ಮಗು ಹಾಗಲ್ಲ. ಕ್ರಿಸ್‌ಮಸ್‌ಗೆ ಬರ್ತೀನಿ. ಮನೇಲಿ ಪ್ರಾರ್ಥನೆ, ದೇವರ ಭಯ ಏನೂ ಇಲ್ಲದೆ ಬೆಳೀತಿದ್ರೆ ಇವಳನ್ನ ನಾನು ತುಮಕೂರಿಗೆ ಕರ್ಕೊಂಡು ಹೋಗ್ಬಿಡ್ತೀನಿ."

ಅವರು ಕೆಟ್ಟವರಲ್ಲ. ಹೇಳಿದ ಮಾತಿನಲ್ಲಿ ತಪ್ಪೂ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆ. ಮಗಳೂ ಹೊರಟುಹೋದರೆ ಆ ಮನೆಗೆ ಸಂಜೆ ನಾನು ಯಾಕಾದರೂ ಬರಬೇಕು?

ಅಲ್ಲಿಯವರೆಗೆ ಹಬ್ಬವೆಲ್ಲ ಹೆಂಡತಿಯ ಸುಪರ್ದಿನಲ್ಲಿತ್ತು. ಸಾವಾದ ವರ್ಷ ಒಲೆಯ ಮೇಲೆ ಬಾಣಲೆ ಇಡುವಂತಿಲ್ಲ, ಕಜ್ಜಾಯ ಇಲ್ಲ. ಬಾಗಿಲಿಗೆ ನಕ್ಷತ್ರ ಕಟ್ಟುವಂತಿಲ್ಲ, ಹೊಸ ಬಟ್ಟೆಯೂ ಇಲ್ಲ. ಇಷ್ಟನ್ನೂ ತೆಗೆದರೆ ಹಬ್ಬದಲ್ಲಿ ಉಳಿಯುವವನು ಯೇಸುಸ್ವಾಮಿ ಒಬ್ಬನೇ. ಅವನ ಜೊತೆ ನನಗೆ ಅಷ್ಟೇನೂ ಬಳಕೆ ಇರಲಿಲ್ಲ.

ಮಡಿ ಪುಣ್ಯ

ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಲ್ಲಿ ಒಂದು ಪುಟ್ಟ ಗೋದಲಿ ಮಾಡಿದೆ. ದನಕ್ಕೆ ಮೇವು ಹಾಕುವ ತೊಟ್ಟಿ, ಅಷ್ಟೇ. ಮಕ್ಕಳಿಗೆ ಹೇಳಿದೆ: "ಒಂದು ಒಳ್ಳೆ ಕೆಲಸ ಮಾಡಿದ್ರೆ ಒಂದು ಹುಲ್ಲುಕಡ್ಡಿ ಹಾಕಿ. ಕ್ರಿಸ್‌ಮಸ್ ಹೊತ್ತಿಗೆ ಯೇಸು ಪಾಪುಗೆ ಮೆತ್ತನೆ ಹಾಸಿಗೆ ಆಗ್ಬೇಕು." ಹುಲ್ಲು ಕೊಟ್ಟವರು ಪಕ್ಕದ ಮನೆಯ ಅಜ್ಜಿ. ಅವರ ಮನೆಯಲ್ಲಿ ಒಂದು ಹಸುವಿತ್ತು. ಅಜ್ಜಿಗೆ ಹಸುವಿನ ಮೇಲೆ ಎಷ್ಟು ಪ್ರೀತಿಯೋ ಮಡಿಯ ಮೇಲೂ ಅಷ್ಟೇ.

ಧನುರ್ಮಾಸದ ಮೊದಲನೇ ದಿನ. ಅಜ್ಜಿ ನಸುಕಿನಲ್ಲೇ ತಣ್ಣೀರು ಮಿಂದು, ಪೂಜೆಗೆಂದು ಬಾವಿಯಿಂದ ಬಿಂದಿಗೆ ಹೊತ್ತು ನಡುಗುತ್ತಾ ಬರುತ್ತಿದ್ದರು. ನನ್ನ ಮಗ ಓಡಿಹೋಗಿ ಬಿಂದಿಗೆಗೆ ಕೈ ಹಾಕಿದ. "ಬಿಡಿ ಅಜ್ಜಿ, ನಾನು ಹೊರ್ತೀನಿ!"

ಅಜ್ಜಿ ಕೂಗಿದ ಕೂಗಿಗೆ ಹಲ್ಲುಜ್ಜುತ್ತಿದ್ದ ನಾನು ಹಾಗೇ ಓಡಿದೆ.

"ಮುಟ್ಟಿಬಿಟ್ಯಲ್ಲೋ! ಮತ್ತೆ ಮೀಯಬೇಕು, ಮತ್ತೆ ನೀರು ಸೇದಬೇಕು. ಈ ಚಳೀಲಿ ನನ್ನ ಪ್ರಾಣ ತೆಗೀತೀಯೇನೋ?"

ಹುಡುಗ ಅಳುತ್ತಾ ಹುಲ್ಲುಕಡ್ಡಿಯ ಕಥೆ ಹೇಳಿದ. ಅಜ್ಜಿ ಒದ್ದೆ ಸೀರೆಯಲ್ಲೇ ನಿಂತು ಪೂರ್ತಿ ಕೇಳಿದರು. ಕೋಪ ಇಳಿಯಿತು.

"ಹಾಗೋ ಸಮಾಚಾರ? ಮಧ್ಯಾಹ್ನ ಮಡಿ ಬಿಟ್ಟ ಮೇಲೆ ಬಾ. ಅವರೆಕಾಯಿ ಬಿಡಿಸ್ಕೊಡು. ನಿನಗೆ ಪುಣ್ಯಾನೂ ಬರುತ್ತೆ, ನನಗೆ ನೆಗಡೀನೂ ಬರಲ್ಲ."

ಮನೆಗೆ ಬಂದವನು ಗೋದಲಿಗೆ ಎರಡು ಕಡ್ಡಿ ಹಾಕಿದ. ಎರಡು ಯಾಕೋ ಎಂದು ಗದರಿದೆ. "ನನ್ನಿಂದ ಅಜ್ಜಿ ದೇವರಿಗೋಸ್ಕರ ಎರಡು ಸಲ ಸ್ನಾನ ಮಾಡೋ ಹಾಗಾಯ್ತಲ್ಲಪ್ಪ" ಅಂದ.

ರಜಾ ಕೇಳಿದ್ದು

ಸಂಜೆಯ ಪ್ರಾರ್ಥನೆಯನ್ನು ಹೆಂಡತಿ ಮಾಡುತ್ತಿದ್ದಳು. ಕೊನೆಯಲ್ಲಿ 'ಆಮೆನ್' ಅನ್ನುವ ಖಾತೆ ಮಾತ್ರ ನನ್ನದು. ಈಗ ಚಾಪೆಯ ಮೇಲೆ ಮೊಣಕಾಲೂರಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

"ಕರ್ತನೇ, ತಮ್ಮಲ್ಲಿ ವಿನಂತಿ ಏನೆಂದರೆ, ನಮ್ಮ ಮನೆಯಲ್ಲಿ ತೊಂದರೆ ಇರುವುದರಿಂದ..."

ಮುಂದೆ ಏನೂ ತೋಚಲಿಲ್ಲ. ಮಗಳು ಒಂದು ಕಣ್ಣು ತೆರೆದಳು. "ಅಪ್ಪಾ, ದೇವರ ಹತ್ರ ರಜಾ ಕೇಳ್ತಿದೀಯಾ?"

ಮಗ ಕಿಸಕ್ಕೆಂದ. ನನಗೆ ರೇಗಿತು. "ಅಷ್ಟು ಗೊತ್ತಿದ್ರೆ ನೀನೇ ಮಾಡಮ್ಮ!"

ಅವಳು ಮರುಮಾತಾಡದೆ ಕೈಮುಗಿದಳು. "ಯೇಸಪ್ಪಾ, ಅಮ್ಮ ನಿನ್ನ ಹತ್ರಾನೇ ಇದಾಳಲ್ಲ. ಅವಳಿಗೆ ಅಲ್ಲಿ ಕೆಲಸ ಇಲ್ದೇ ಇದ್ರೆ ಬೆಳಗ್ಗೆ ಒಂದ್ನಿಮಿಷ ಕಳ್ಸು. ಅಪ್ಪ ಜಡೆ ಹಾಕಿದ್ರೆ ಕಣ್ಣು ಮುಚ್ಚಕ್ಕೇ ಆಗಲ್ಲ, ಅಷ್ಟು ಬಿಗಿ. ಆಮೆನ್."

ಫಿಟ್ಟರನ ಕೈ. ಏನು ಹಿಡಿದರೂ ತಿರುಪಿ ಬಿಗಿ ಮಾಡಿಯೇ ಬಿಡುವುದು. ನಾನು ಆಮೆನ್ ಅನ್ನಲು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಕೊನೆಗೆ ಮಗ ನನ್ನ ಭುಜ ಅಲುಗಿಸಿ ಮೆಲ್ಲಗೆ ಹೇಳಿದ: "ಆಮೆನ್ ಅನ್ನಪ್ಪ, ಅನ್ನ ತಣ್ಣಗಾಗುತ್ತೆ."

ಅಜ್ಜಿಯ ತನಿಖೆ

ಒಂದು ಭಾನುವಾರ ಮಧ್ಯಾಹ್ನ ಅಜ್ಜಿಯ ಜಗಲಿಯಲ್ಲಿ ಅವರೆಕಾಯಿಯ ರಾಶಿ. ಮಗ ಬಿಡಿಸುತ್ತಿದ್ದ, ನಾನು ಮಕ್ಕಳಿಗೆ ಕ್ರಿಸ್‌ಮಸ್ ಕಥೆ ಹೇಳುತ್ತಿದ್ದೆ. ಯೋಸೇಫ, ದಿನ ತುಂಬಿದ ಮರಿಯಳು, ಬೇತ್ಲೆಹೇಮಿನ ದಾರಿ, ಎಲ್ಲಾ ಆಗಿ, "ಛತ್ರದಲ್ಲಿ ಅವರಿಗೆ ಜಾಗ ಸಿಗಲಿಲ್ಲ" ಎಂದೆ.

ನಮ್ಮ ಬೈಬಲಿನಲ್ಲಿ ಇರುವ ಮಾತೇ ಛತ್ರ. ಆದರೆ ಮೈಸೂರಿನ ಮಕ್ಕಳಿಗೆ ಛತ್ರ ಅಂದರೆ ಮದುವೆ ಊಟ.

"ಯಾರ ಮದುವೆ ಇತ್ತಪ್ಪ?" ಮಗಳು ಕೇಳಿದಳು.

"ಮದುವೆ ಅಲ್ಲಮ್ಮ. ಊರಿಗೆ ಜನ ಜಾಸ್ತಿ ಬಂದಿದ್ರು."

ಅಜ್ಜಿ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು. "ಇದು ನಡೆದದ್ದು ಯಾವಾಗಯ್ಯಾ?"

"ಡಿಸೆಂಬರ್ ಇಪ್ಪತ್ತೈದು ಅಂತಾರೆ, ಅಜ್ಜಿ."

"ಅಂದ್ರೆ ಧನುರ್ಮಾಸ." ಬೆರಳು ಮಡಿಸಿ ಲೆಕ್ಕ ಹಾಕಿದರು. "ಧನುರ್ಮಾಸದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ. ಛತ್ರಗಳೆಲ್ಲಾ ಖಾಲಿ ಹೊಡೀತಿರುತ್ವೆ. ಜಾಗ ಇಲ್ಲ ಅಂದ್ರೆ ಏನರ್ಥ? ಆ ಛತ್ರದವನು ಸುಳ್ಳು ಹೇಳಿದಾನೆ ಕಣಯ್ಯಾ!"

ಬೇತ್ಲೆಹೇಮಿನಲ್ಲಿ ಧನುರ್ಮಾಸ ಇಲ್ಲವೆಂದು ಹೇಳಲು ಹೋದೆ. ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮುಖ ಕೆಂಪಾಗಿತ್ತು.

"ದಿನ ತುಂಬಿದ ಹೆಣ್ಣುಮಗಳನ್ನ ಬಾಗಿಲಲ್ಲಿ ನಿಲ್ಲಿಸಿ ಜಾಗ ಇಲ್ಲ ಅಂದನೇ? ಅವನ ಮನೆ ಹಾಳಾಗ!"

ಹುಟ್ಟಿದಾಗಿನಿಂದ ಈ ಕಥೆಯ ಮೇಲೆ ಪಾದ್ರಿಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ. ಮರಿಯಳ ಪರವಾಗಿ ಅಷ್ಟು ಸಂಕಟಪಟ್ಟವರನ್ನು ನಮ್ಮ ಚರ್ಚಿನಲ್ಲೂ ನೋಡಿರಲಿಲ್ಲ. ನಾನೂ ಒಂದು ಹಿಡಿ ಅವರೆಕಾಯಿ ಎತ್ತಿಕೊಂಡು ಬಿಡಿಸತೊಡಗಿದೆ. ಅಜ್ಜಿ ಬಿಡಲಿಲ್ಲ.

"ಅಲ್ಲಯ್ಯಾ, ಇಷ್ಟು ವರ್ಷದಿಂದ ಕಥೆ ಹೇಳ್ತಾ ಇದೀರಲ್ಲ, ನಿಮ್ಮೋರು ಒಬ್ಬರಾದ್ರೂ ಹೋಗಿ ಅವನನ್ನ ಕೇಳಲಿಲ್ವೇ?"

ದೊಡ್ಡಮ್ಮ ಬಂದ ಸಂಜೆ

ಹಬ್ಬದ ಹಿಂದಿನ ದಿನ ದೊಡ್ಡಮ್ಮ ಬಂದರು. ಸ್ಟೇಷನ್ನಿಗೆ ಹೋಗಿ ಟ್ರಂಕು ಎತ್ತಿಕೊಂಡಾಗ ಹಗುರವಾಗಿತ್ತು. "ಖಾಲಿನೇ. ಮಗು ಬಟ್ಟೆ ತುಂಬೋಕೆ" ಅಂದರು. ಟ್ರಂಕು ಹೆಗಲಿಗೇರಿಸಿ ಮನೆಯ ದಾರಿ ಹಿಡಿದೆ. ಮನೆಯಲ್ಲಿ ಗೋದಲಿ ಹುಲ್ಲಿನಿಂದ ತುಂಬಿದೆ, ಮಕ್ಕಳಿಗೆ ಒಂದು ಕೀರ್ತನೆಯನ್ನೂ ಬಾಯಿಪಾಠ ಮಾಡಿಸಿದ್ದೇನೆ, ಅದೊಂದೇ ಧೈರ್ಯ.

ಮನೆ ಮುಂದೆ ನಿಂತರೆ ಗೇಟು ಹಾರುಹೊಡೆದಿತ್ತು. ಜಗಲಿಯ ಮೇಲೆ ಹಸುವಿನ ಬಾಲ, ನಡುಮನೆಯಲ್ಲಿ ಹಸುವಿನ ತಲೆ. ಗೋದಲಿ ನೆಕ್ಕಿದ ಹಾಗೆ ಖಾಲಿ. ಕೊನೆಯ ಹುಲ್ಲುಕಡ್ಡಿ ಹಸುವಿನ ತುಟಿಯಲ್ಲಿ ನೇತಾಡುತ್ತಿತ್ತು. ಮಗ ನೆಲದಲ್ಲಿ ಬಿದ್ದು ಹೊರಳಾಡುತ್ತಿದ್ದ.

"ಅಪ್ಪಾ, ನನ್ನ ಒಳ್ಳೆ ಕೆಲಸ ಎಲ್ಲಾ ತಿಂದ್ಬಿಡ್ತು! ಅವರೆಕಾಯಿ ಬಿಡಿಸಿದ್ದೆಲ್ಲಾ ತಿಂದ್ಬಿಡ್ತು!"

"ಏನ್ರೀ ಇದು?" ದೊಡ್ಡಮ್ಮ ಕೇಳಿದರು. ಹಸು ಅದಕ್ಕೆ ಉತ್ತರವಾಗಿ ಅವರ ಕಾಲ ಬಳಿ ಸಗಣಿ ಹಾಕಿತು. ಮುಗಿಯಿತು, ಮಗಳು ನನ್ನ ಕೈತಪ್ಪಿದಳು ಎಂದುಕೊಂಡೆ.

ಮಗಳು ಹಸುವಿನ ಕೊರಳು ತಬ್ಬಿಕೊಂಡು ನಿಂತಿದ್ದಳು. "ನಾನೇ ಕರೆದೆ ದೊಡ್ಡಮ್ಮ. ಮೇಯ್ಕೊಂಡು ಬಂತು, ನಮ್ಮ ಗೇಟ್ ಹತ್ರ ನಿಂತು ಒಳಗೆ ನೋಡ್ತು. ಜಾಗ ಇಲ್ಲ ಅಂತ ಹೇಗೆ ಹೇಳೋದು?"

ಅಷ್ಟರಲ್ಲಿ ಅಜ್ಜಿ ಓಡಿಬಂದರು. ಗೋದಲಿ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ ರಾಮ, ನಿಮ್ಮ ದೇವರ ಹಾಸಿಗೇನೇ ತಿಂದುಬಿಡ್ತೇ! ಇದಕ್ಕೆ ಮನೇಲಿ ಏನು ಕಮ್ಮಿ ಮಾಡಿದ್ದೆ!"

ಇದನ್ನು ಕೇಳಿ ಮಗನ ಅಳು ಇನ್ನೂ ಜೋರಾಯಿತು. ಮಗಳು ಅವನ ಪಕ್ಕ ಕೂತು ತಲೆ ನೇವರಿಸಿದಳು. "ಅಳಬೇಡ ಕಣೋ ಅಣ್ಣ. ಬೆಳಗ್ಗೆ ಅದೆಲ್ಲಾ ಹಾಲಾಗುತ್ತೆ. ಪಾಪು ಬರೀ ಹುಲ್ಲು ಇಟ್ಕೊಂಡು ಏನ್ಮಾಡುತ್ತೆ? ಅದಕ್ಕೆ ಹಸಿವಾಗಲ್ವಾ?"

ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ನೋಡಿದರೆ ನಗುತ್ತಿದ್ದರು. ತಂಗಿ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲಿರಬೇಕು, ನಗು ತಡೆಯಲಾರದೆ ಕೊನೆಗೆ ಅಳುವೇ ಬಂತು. ಕಣ್ಣೊರೆಸಿಕೊಂಡು, ಮುಖ ಗಂಟಿಕ್ಕಿಕೊಂಡು ನನ್ನ ಕಡೆ ತಿರುಗಿದರು.

"ನೀವು ರೈಲ್ವೆಯವರಲ್ವೇ? ಇವಳನ್ನ ಕರ್ಕೊಂಡು ಹೋದ್ರೆ ಹಸೂನೂ ಕರ್ಕೊಂಡು ಹೋಗ್ಬೇಕಾಗುತ್ತೆ. ಹಸುವಿಗೆ ಪಾಸು ಕೊಡ್ತಾರಾ?"

"ಇಲ್ಲ ಅತ್ತಿಗೆ. ಪಾಸು ಕುಟುಂಬಕ್ಕೆ ಮಾತ್ರ."

"ಹಾಗಾದ್ರೆ ಕುಟುಂಬ ಎಲ್ಲಾ ಒಟ್ಟಿಗೆ ಇಲ್ಲೇ ಇರಲಿ" ಅಂದರು. "ನಿಂತು ನೋಡ್ತೀರೇನ್ರೀ? ಬೇಗ ಸಗಣಿ ಬಾಚಿ, ಪ್ರಾರ್ಥನೆಗೆ ಹೊತ್ತಾಯ್ತು."