ನೆರೆಹೊರೆಯವರು ಹೇಳಿದಂತೆ

ಹುಲಿಗೆಮ್ಮ ಎಂಬ ಹೆಣ್ಣುಮಗಳು ಮಲ್ಲಟದಾಚೆಯ ಆ ಹಳ್ಳಿಯಲ್ಲಿ ಇಲ್ಲವೇ ಇಲ್ಲ ಎಂದು ಮರಿಸ್ವಾಮಿ ವರದಿ ಕಳಿಸಿದ. ರಾಯಚೂರಿನ ಆಸ್ಪತ್ರೆಯೊಂದು ಆಕೆಗೆ ಕೊಟ್ಟಿದ್ದ ನರ್ಸ್ ಕೆಲಸವನ್ನು ವಾಪಸು ತೆಗೆದುಕೊಂಡಿತು.

ಊರ ಬಾಗಿಲಲ್ಲಿ, ಅಗಸಿಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ ಇಬ್ಬರನ್ನು ಅವನು ಕೇಳಿದ್ದ. “ಊರಾಗ ಅಂಥಾಕಿ ಯಾರೂ ಇಲ್ಲ” ಎಂದಿದ್ದರು. ಊರಾಚೆ, ಹಳ್ಳದ ದಂಡೆಗೆ, ಒಂದು ಕೇರಿ ಇತ್ತು. ಬಿಸಿಲೂ ಇತ್ತು. ಮರಿಸ್ವಾಮಿ ಬಸ್ಸು ಹತ್ತಿದ್ದ.

ಆಮೇಲೆ ಆಕೆಯ ಫೋನು ಬಂತು. “ಸರ್, ನಾ ಅದೀನ್ರಿ. ಇದೇ ಊರಾಗ ಹುಟ್ಟೀನ್ರಿ. ಇಲ್ಲೇ ನಿಂತು ನಿಮ್ಮ ಕೂಡ ಮಾತಾಡಾಕತ್ತೀನ್ರಿ.”

“ನೀ ಅದೀನಿ ಅಂತ ನೀನೇ ಹೇಳಿದ್ರ ಲೆಕ್ಕಕ್ಕ ಬರೂದಿಲ್ಲವಾ. ನೆರಿಹೊರಿಯವರು ಹೇಳಬೇಕು. ಅವರು ಮೊದಲು ಏನಂದ್ರೋ ಅದೇ ಕಾಯಂ” ಎಂದು ಮರಿಸ್ವಾಮಿ ಫೋನಿಟ್ಟ. ಇಟ್ಟವನೇ ಮರೆತ.

ಮರಿಸ್ವಾಮಿಯದು ದೇವದುರ್ಗದ ಗಚ್ಚಿನ ಬಾವಿ ಓಣಿ. ಯಾರಾದರೂ ನೌಕರಿಗೆ ಅರ್ಜಿ ಹಾಕಿದರೆ ಅವರ ಊರಿಗೆ ಹೋಗಿ, ಮನೆ ಇದೆಯೇ, ನಡತೆ ಹೇಗೆ, ಕುಡಿಯುತ್ತಾರೆಯೇ ಎಂದು ವಿಚಾರಿಸಿ ಬರುವುದು ಅವನ ಕೆಲಸ. ಕಚೇರಿ ರಾಯಚೂರಿನಲ್ಲಿ. ಕೆಲಸವನ್ನೆಲ್ಲ ಫೋನಿನಲ್ಲೇ ಹಂಚುವ ಕಚೇರಿಯಾದ್ದರಿಂದ ಅಲ್ಲಿ ದುಡಿಯುವವರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ಊರೆಲ್ಲರ ಪೂರ್ವಾಪರ ಕೆದಕುವ ಆ ಕಚೇರಿ ತನ್ನ ಬಿಡಿಗೆಲಸದವರ ಪೂರ್ವಾಪರವನ್ನು ಕೇಳಿದ್ದೇ ಇಲ್ಲ. ಒಂದು ಫೋನು, ಒಂದು ಜೊತೆ ಚಪ್ಪಲಿ ಇದ್ದರೆ ಸಾಕಿತ್ತು.

ಆದರೆ ಈಗ ಮರಿಸ್ವಾಮಿಯನ್ನು ಕಾಯಂ ಮಾಡುವ ಮಾತು ನಡೆದಿತ್ತು. ತಿಂಗಳ ಪಗಾರ, ರಜೆ, ದವಾಖಾನೆಗೆ ವಿಮೆ. ಹೆಂಡತಿ ಹಂಪಮ್ಮ ಆಗಲೇ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟಿದ್ದಳು.

ಆ ಬುಧವಾರ ಮಧ್ಯಾಹ್ನ ಅವನು ಮಾನ್ವಿಯಲ್ಲಿ ಒಬ್ಬ ಮಾಸ್ತರರ ನಡತೆಯನ್ನು ಅವರ ಕಟಿಂಗ್ ಅಂಗಡಿಯವನ ಬಳಿ ಕೇಳುತ್ತಿದ್ದಾಗ ಮ್ಯಾನೇಜರ್ ವೇದವ್ಯಾಸರ ಕರೆ ಬಂತು.

“ಮರಿಸ್ವಾಮಿ, ಕಾಯಂ ಆಗೋರಿಗೂ ವೆರಿಫಿಕೇಶನ್ ಆಗಬೇಕಂತ ಮ್ಯಾಲಿನ ಹುಕುಂ ಬಂದದ ನೋಡ್ರಿ. ನಿಮ್ಮ ಓಣಿಗೆ ಇವತ್ತೇ ಕಳಿಸೀನಿ. ನಿಮಗ ಗುರ್ತಿಲ್ಲದವರನ್ನೇ ಕಳಿಸೀನಿ, ಮತ್ತ ನೀವು ಚಾ ಕುಡಿಸಿ ಮುಗಸಬಾರದು.”

ಮರಿಸ್ವಾಮಿ ಮಾಸ್ತರರ ವಿಚಾರಣೆಯನ್ನು ಅಲ್ಲಿಗೇ ಬಿಟ್ಟು ಹೊರಗೆ ಬಂದ. ಅವನಿಗೆ ತನ್ನ ಓಣಿ ಗೊತ್ತಿತ್ತು. ಹೆಗಲಿಗೆ ಬ್ಯಾಗು ಹಾಕಿಕೊಂಡು ಬಂದು ಒಬ್ಬರ ಹೆಸರು ಹಿಡಿದು ಕೇಳಿದವರಿಗೆ, ಆ ಮನುಷ್ಯ ಇಲ್ಲ ಎನ್ನುವುದು ಗಚ್ಚಿನ ಬಾವಿ ಓಣಿಯ ರಿವಾಜು. ಫೈನಾನ್ಸಿನವರಿರಲಿ, ಕೋರ್ಟಿನ ಬೇಲೀಫ್ ಇರಲಿ, ಓಣಿ ಒಂದೇ ಬಾಯಿ. ಕಳೆದ ಬೇಸಿಗೆಯಲ್ಲಿ ಟೇಲರ್ ಸತ್ತಾರ್ ಸಾಬನನ್ನು ಹುಡುಕಿ ಬಂದವರಿಗೆ “ಅಂವ ಹೈದರಾಬಾದಿಗೆ ಹೋಗಿ ವರ್ಷಾತು” ಎಂದು ಹೇಳಿ ಕಳಿಸಿದವನು ಮರಿಸ್ವಾಮಿಯೇ. ಸತ್ತಾರ್ ಸಾಬ್ ಆಗ ಬಾಗಿಲ ಹಿಂದೆ ಕೆಮ್ಮು ಅದುಮಿಕೊಂಡು ನಿಂತಿದ್ದ.

ಅವನಿಗೇ ಫೋನು ಹಚ್ಚಿದ. “ಸತ್ತಾರ್ ಭಾಯಿ, ನನ್ನ ಕೇಳಿಕೊಂಡು ಯಾರಾದ್ರೂ ಬಂದ್ರ…”

“ಬಂದಾರ. ಫಿಕರ್ ಮಾಡಬ್ಯಾಡ. ನೋಡಿಕೊಂಡೀನಿ.”

“ಏನಂದಿ?”

“ಮರಿಸ್ವಾಮಿ ಅನ್ನಾಂವ ಈ ಓಣ್ಯಾಗ ಹುಟ್ಟೇ ಇಲ್ಲ ಅಂದೆ.”

“ಯಪ್ಪಾ, ಹಂಗ ಅನ್ನಬಾರದಿತ್ತೋ. ಓಡಿ ಹೋಗಿ ಅದಾನಂತ ಹೇಳು.”

ಆ ಕಡೆ ಹೊಲಿಗೆ ಯಂತ್ರ ನಿಂತಿತು. “ಈಗ ಹೆಂಗ ಹೇಳಲಿ ಮರಿಸ್ವಾಮಿ? ಮಾತು ನನ್ನ ಕೈಯಾಗ ಉಳದಿಲ್ಲ. ಚಾದಂಗಡಿ ಅಲ್ಲಾಉದ್ದೀನ್ ಅದನ್ನ ಇನ್ನೂ ಮುಂದ ಒಯ್ದಾನ.”

“ಮುಂದ ಅಂದ್ರ ಎಲ್ಲಿಗೆ?”

ಬಂದವರು ಯಾರೆಂದು ಹೇಳುವ ಮೊದಲೇ ಮರಿಸ್ವಾಮಿಯ ಫೋನಿನ ಜೀವ ಹೋಯಿತು.

ದೇವದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಕ್ಕರಿಸಿದ. ಹೊರಗೆ ಬಿಸಿಲು ಗದ್ದೆಗಳ ಮೇಲೆ ಬೂದಿಯಂತೆ ಕೂತಿತ್ತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕಂಡಕ್ಟರು ಹಿಂದಿನ ಸಾಲಿಗೆ ಟಿಕೆಟು ಕೊಟ್ಟ, ಮುಂದಿನ ಸಾಲಿಗೆ ಕೊಟ್ಟ, ಮರಿಸ್ವಾಮಿಯ ಸೀಟು ಖಾಲಿಯೇನೋ ಎಂಬಂತೆ ದಾಟಿಹೋದ. ಮಗ್ಗುಲಲ್ಲಿ ಕೂತ ಅಜ್ಜಿ ತನ್ನ ಒಣಮೆಣಸಿನಕಾಯಿ ಗಂಟನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು.

“ಯವ್ವಾ, ನಾ ಇಲ್ಲಿ ಕುಂತೀನಿ” ಎಂದ.

ಅಜ್ಜಿ ಬೆಚ್ಚಿ ಗಂಟನ್ನು ಎಳೆದುಕೊಂಡಳು. “ಯಾವಾಗ ಹತ್ತಿದೆಪ್ಪಾ? ಇಷ್ಟೊತ್ತನ ಯಾರೂ ಇದ್ದಿಲ್ಲಲ್ಲ.”

ಕಂಡಕ್ಟರನನ್ನು ಕೂಗಿ ಕರೆದು, ಹಟ ಹಿಡಿದು ಟಿಕೆಟು ಹರಿಸಿಕೊಂಡ. ಅದನ್ನು ಸಾಕ್ಷಿಯ ಹಾಗೆ ಬೆರಳುಗಳ ನಡುವೆ ಹಿಡಿದು ಕೂತ.

ದೇವದುರ್ಗದಲ್ಲಿ ಇಳಿದಾಗ ಸಂತೆ ಮುಗಿದ ಬಯಲಿನಂತೆ ಎಲ್ಲ ಸುಮ್ಮಗಿತ್ತು. ಎದುರು ಬಂದ ಆಟೊದ ಅಂಬರೀಶ ಇವನನ್ನು ಕಂಡದ್ದೇ ಟವೆಲು ಮುಖಕ್ಕೆ ಎಳೆದುಕೊಂಡು ಗಾಡಿ ತಿರುಗಿಸಿದ. ದಿನಾ ಅಂಬರೀಶನ ಆಟೊದ ಗಾಜಿನ ಮುಂದೆ ತೂಗುವ ಚೆಂಡುಹೂವಿನ ಮಾಲೆ ಇವತ್ತು ಇರಲಿಲ್ಲ. ಓಣಿಯ ಬಾಯಲ್ಲಿ ಮಲಗುವ ಕರಿನಾಯಿ ಹಂಪಮ್ಮನಿಗಿಂತ ಹೆಚ್ಚು ಅವನ ಮೇಲೆ ಕೂಗಾಡುವಂಥದು. ಅದು ಇವನನ್ನು ನೋಡಿ, ಬಾಲವನ್ನು ಕಾಲ ಸಂದಿಗೆ ಸೇರಿಸಿಕೊಂಡು ಗೋಡೆಗೆ ಸರಿಯಿತು.

ಅಲ್ಲಾಉದ್ದೀನನ ಚಾದಂಗಡಿಯ ಮುಂದೆ ನಿಂತ. ಕೂತಿದ್ದವರಿಗೆಲ್ಲ ಅಲ್ಲಾಉದ್ದೀನ್ ಚಾ ಸುರಿದ. ಇವನ ಕಡೆ ಕತ್ತು ತಿರುಗಿಸಲಿಲ್ಲ.

“ಅಲ್ಲಾಉದ್ದೀನ, ನನಗೊಂದು ಚಾ ಕೊಡು.”

ಅಲ್ಲಾಉದ್ದೀನ್ ಕುದಿಯುವ ಪಾತ್ರೆಯನ್ನೇ ನೋಡುತ್ತ, ತುಟಿ ಅಲ್ಲಾಡಿಸದೆ ಹೇಳಿದ: “ಮಾತಾಡಬ್ಯಾಡ. ನೀ ಸತ್ತೀದಿ.”

“ಯಾರಂದ್ರು?” ಎಂದ ಮರಿಸ್ವಾಮಿ.

“ಸತ್ತಾರ್ ಭಾಯಿ ನೀ ಇಲ್ಲವೇ ಇಲ್ಲಂದ” ಎಂದು ಅಲ್ಲಾಉದ್ದೀನ್ ಪಾತ್ರೆಗೇ ವಿವರಿಸಿದ. “ಅಷ್ಟ್ರಾಗ ನಿನ್ನ ಹೇಣ್ತಿ ಹೊರಗ ಬಂದು, ನಮ್ಮವರು ಮಾನ್ವಿಗೆ ಹೋಗ್ಯಾರ ಅಂದ್ಳು. ಎರಡು ಮಾತಾತಿಲ್ಲ? ಬ್ಯಾಗಿನವರಿಗೆ ಗುಮಾನಿ ಬಂತು. ಆಗ ನಾ ನಡುವ ಬಂದು ಕೂಡಿಸಿದೆ. ಮರಿಸ್ವಾಮಿ ಇದ್ದ, ಸತ್ತ. ಆ ದುಃಖಕ್ಕ ಆಕಿಗೆ ತಲಿ ಕೆಟ್ಟದ, ಗಂಡ ಮಾನ್ವಿಗೆ ಹೋಗ್ಯಾನ ಅಂತ ದಿನಾ ಬಾಗಲಾಗ ನಿಂದರ್ತಾಳ. ಸತ್ತವನ ಹೆಸರು ಎತ್ತಬಾರದಂತ ಸತ್ತಾರ್ ಭಾಯಿ ಇಲ್ಲಂದಾನ. ನೋಡು, ಎರಡೂ ಮಾತು ಖರೇನೇ ಆದ್ವು.”

“ನೌಕರಿಯವರಲೇ ಅವರು.”

“ಮೊದಲೇ ಹೇಳಬೇಕಿಲ್ಲ? ಈಗ ಅವರು ಮಾತಾಡಿಸಿ ಹೋಗ್ತೀನಂತ ನಿನ್ನ ಮನ್ಯಾಗ ಕುಂತಾರ. ಸುಗ್ರಾ ಬೇಗಂ ಅಳಾಕ ಕುಂತಾಳ. ಆಕಿ ಅಳು ನಿಲ್ಲಸೂದು ಯಾರ ಕೈಯಾಗ ಅದ?”

ಮರಿಸ್ವಾಮಿ ಓಣಿಯೊಳಗೆ ನಡೆದ. ಬಾಗಿಲುಗಳು ಅವನು ಬರುವ ಮುಂಚೆ ಒಂದೊಂದಾಗಿ ಮುಚ್ಚಿಕೊಂಡವು. ದೂಳಿನಲ್ಲಿ ತನ್ನ ಚಪ್ಪಲಿಯ ಸಪ್ಪಳ ತನಗೇ ಕೇಳಿಸುತ್ತಿರಲಿಲ್ಲ. ಮನೆಯ ಕಿಟಕಿಯ ಬಳಿ ನಿಂತು ಕಿವಿಗೊಟ್ಟ.

“ಎಂಥಾ ಮನುಷ್ಯಾ ಯವ್ವಾ” ಎಂದು ಪಕ್ಕದ ಮನೆಯ ಸುಗ್ರಾ ಬೇಗಂ ಹಾಡಿ ಅಳುತ್ತಿದ್ದಳು. “ಒಬ್ಬರಿಗೆ ಕೆಟ್ಟದ್ದು ಬರದಾಂವಲ್ಲ. ಒಬ್ಬರ ಅನ್ನ ಕಸಗೊಂಡಾಂವಲ್ಲ.” ಮೊದಲು ಹುಸಿಯಾಗಿ ಶುರುವಾದ ಅಳು ಈಗ ಖರೆ ಆಗಿತ್ತು. ಬದುಕಿದ್ದಾಗ ಯಾರೂ ಆಡದ ಇಂಥ ಮಾತು ಕೇಳಿ ಮರಿಸ್ವಾಮಿಯ ಕಣ್ಣೂ ತೇವವಾಯಿತು. ಇನ್ನೂ ಸ್ವಲ್ಪ ಕೇಳಿಯೇ ಒಳಗೆ ಹೋದ.

ಗೋಡೆಗೆ ಅವನ ಮದುವೆಯ ಫೋಟೊ ಒರಗಿಸಿದ್ದರು. ಹಂಪಮ್ಮನಿದ್ದ ಅರ್ಧವನ್ನು ಹಿಂದಕ್ಕೆ ಮಡಚಿದ್ದರು. ಉಳಿದ ಅರ್ಧಕ್ಕೆ ಅಂಬರೀಶನ ಆಟೊದ ಮಾಲೆ. ಮುಂದೆ ದೀಪ. ದೀಪ ತುಯ್ದಾಗ ಫೋಟೊದೊಳಗಿನವನು ಕಣ್ಣು ಮಿಟುಕಿಸಿದ ಹಾಗಿತ್ತು. ಕೋಣೆಯಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು, ಬಾಗಿಲಲ್ಲಿ ನಿಂತವನನ್ನಲ್ಲ. ಇಬ್ಬರಲ್ಲಿ ಫೋಟೊದವನೇ ಗಟ್ಟಿಯಾಗಿ ಇದ್ದಾನೆಂದು ಮರಿಸ್ವಾಮಿಗೂ ಅನಿಸಿತು.

ಹಂಪಮ್ಮ ಸೆರಗಿನೊಳಗಿಂದ ಪಿಸುಗುಟ್ಟಿದಳು. “ಈಗ್ಯಾಕ ಬಂದ್ರಿ? ಇನ್ನೊಂದು ಸ್ವಲ್ಪ ತಡದಿದ್ರ ಹೋಗಿಬಿಡ್ತಿದ್ರು.”

ಚಾಪೆಯ ಮೇಲೆ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ಒಬ್ಬ ತೆಳ್ಳನೆಯ ಹೆಣ್ಣುಮಗಳು. ಮುಂದಿದ್ದ ಚಾ ಆರಿ ಕೆನೆಗಟ್ಟಿತ್ತು. ಮರಿಸ್ವಾಮಿ ಕೈಮುಗಿದ. “ಮೇಡಂ, ನಾನೇ ಮರಿಸ್ವಾಮಿ.”

ಸತ್ತಾರ್ ಸಾಬ್ ಗಾಬರಿಯಿಂದ ಎದ್ದ. “ತೀರಿಕೊಂಡವನ ತಮ್ಮರೀ. ಅದೇ ಮುಖ ನೋಡ್ರಿ. ದುಃಖದಾಗ ಅಣ್ಣನ ಹೆಸರು ಬಡಬಡಸಾಕತ್ಯಾನ.”

“ಸಾಕು ಮಾಡೋ ಭಾಯಿ, ಇವರು ವಸೂಲಿಯವರಲ್ಲ. ನನ್ನ ಕಾಯಂ ಮಾಡಾಕ ಬಂದಾರ.”

ಓಣಿಗೆ ತಾನು ಮಾಡಿದ್ದು ಆಗ ತಿಳಿಯಿತು. ಸುಗ್ರಾ ಬೇಗಂಳ ಅಳು ತಾನೇ ನಿಂತಿತು. ಸತ್ತಾರ್ ಸಾಬ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. “ಯವ್ವಾ, ತಪ್ಪಾತು. ಅಂವ ಅದಾನ. ಬರಕೋ.”

“ಮೊದಲು ಇಲ್ಲಂದ್ರಿ. ಆಮ್ಯಾಲ ಸತ್ತಾನಂದ್ರಿ. ಆಮ್ಯಾಲ ತಮ್ಮ ಅಂದ್ರಿ” ಎಂದಳು ಆಕೆ, ದನಿ ಏರಿಸದೆ. “ನಾ ಒಬ್ಬರನ್ನ ಕೇಳಿ ಹೋದಾಕಿ ಅಲ್ಲ. ಬಿಸಿಲಾಗ ಓಣಿ ತುದಿತನ ಹೋಗಿ, ಬಾವಿ ಆಚಿಗಿನ ಮನಿಗಳನ್ನೂ ಕೇಳೀನಿ. ನೆರಿಹೊರಿಯವರು ಯಾರೂ ಅದಾನಂತ ಹೇಳಲಿಲ್ಲ.”

ಮರಿಸ್ವಾಮಿ ಆಧಾರ್ ಕಾರ್ಡು ಚಾಚಿದ.

“ಇದು ನೀವೇ ಕೊಟ್ಟದ್ದು. ನೀವು ಅದೀನಿ ಅಂತ ನೀವೇ ಹೇಳಿದ್ರ ಲೆಕ್ಕಕ್ಕ ಬರೂದಿಲ್ಲರಿ.”

ಈ ಮಾತನ್ನು ಎಲ್ಲೋ ಕೇಳಿದಂತಿದೆ ಎನಿಸಿ ಮರಿಸ್ವಾಮಿಯ ಕೈ ಗಾಳಿಯಲ್ಲೇ ನಿಂತಿತು. ಬೇರೆ ದಾರಿ ಕಾಣದೆ, ಮ್ಯಾನೇಜರರಿಗೆ ಫೋನು ಹಚ್ಚಿಕೊಡಿ ಎಂದು ಬೇಡಿದ. ಆಕೆ ತನ್ನ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ದೀಪದ ಪಕ್ಕ ಇಟ್ಟಳು. ಮರಿಸ್ವಾಮಿ ಅಳುತ್ತಳುತ್ತ ತನ್ನ ಸಾವಿನ ಕತೆ ಹೇಳಿದ.

ವೇದವ್ಯಾಸರು ನಕ್ಕರು. “ದನಿ ನಮ್ಮ ಮರಿಸ್ವಾಮಿದೇ ಅದ. ಅದಾನ, ನಡತಿ ಛಲೋ ಅದ ಅಂತ ಬರದು ಮುಗಸ್ರಿ. ಕೇಳಿಸ್ತೇನ್ರಿ, ಹುಲಿಗೆಮ್ಮಾ?”

ಮರಿಸ್ವಾಮಿ ಆಕೆಯ ಮುಖ ನೋಡಿದ. ಆ ಮುಖ ಅವನಿಗೆ ಗುರ್ತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಹಳ್ಳದ ದಂಡೆಗೆ ಅವನು ಹೋಗಿಯೇ ಇರಲಿಲ್ಲ. ಆ ದನಿ ಮಾತ್ರ ಈಗ ಕಿವಿಯೊಳಗೆ ಎದ್ದು ಕೂತಿತು: ಇಲ್ಲೇ ನಿಂತು ನಿಮ್ಮ ಕೂಡ ಮಾತಾಡಾಕತ್ತೀನ್ರಿ.

“ನರ್ಸ್ ಕೆಲಸ ಹೋದ ಮ್ಯಾಲ ಎಲ್ಲಿ ಹೋದ್ರೂ ವೆರಿಫಿಕೇಶನ್ ಕೇಳಿದ್ರು” ಎಂದಳು ಹುಲಿಗೆಮ್ಮ, ಅವನಿಗೆ. “ಯಾರೇನು ಅಂತ ಕೇಳದ ಕೆಲಸ ಕೊಟ್ಟದ್ದು ನಿಮ್ಮ ಆಫೀಸೊಂದೇ.”

“ಅಲ್ಲೇನು ಮಾತು ಹಚ್ಚೀರಿ?” ಎಂದಿತು ಫೋನು. “ಬರೀರಿ ಅಂದೆ. ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ್ರಿ.”

“ನನ್ನನ್ನ ಹೆಂಗ ತಗೀತೀರಿ ಸರ್? ನಾ ಇಲ್ಲದಾಕಿ. ನಿಮ್ಮ ಆಫೀಸೇ ಬರದದ.”

ವೇದವ್ಯಾಸರು ಫೋನಿಟ್ಟುಬಿಟ್ಟರು. ದೀಪದ ಎಣ್ಣೆ ಚಿಟಿಚಿಟಿ ಎಂದಿತು.

ಮರಿಸ್ವಾಮಿ ತನ್ನದೇ ಫೋಟೊದ ಮುಂದೆ ಮಂಡಿಯೂರಿ ಕೂತ. “ಯವ್ವಾ, ನಾ ಅದೀನಿ. ನಿನ್ನ ಮುಂದ ಕುಂತು ಮಾತಾಡಾಕತ್ತೀನಿ. ಅದಾನಂತ ಒಂದು ಮಾತು ಬರಿಯವ್ವಾ.”

ಹುಲಿಗೆಮ್ಮ ಪೆನ್ನಿನ ಮುಚ್ಚಳ ಹಾಕಿ ಬ್ಯಾಗಿನೊಳಗಿಟ್ಟಳು. ಎದ್ದು ಸೆರಗಿಗೆ ಹತ್ತಿದ ದೂಳು ಝಾಡಿಸಿದಳು.

“ಬರಿಯೂದಿಲ್ಲ” ಎಂದಳು.