ಅಧ್ಯಕ್ಷರ ಕೆನ್ನೆಯ ಜೀವಕೋಶಗಳನ್ನು ಕುರಿತು

ಇಂದ,
ಪ್ರಯೋಗಾಲಯ ಸಹಾಯಕ (ಸೇವೆ ಇಪ್ಪತ್ತಾರು ವರ್ಷ, ಒಡೆದದ್ದು ಹನ್ನೊಂದು ಬೀಕರು),
ಪ್ರೌಢಶಾಲೆ.

ಗೆ,
ಮುಖ್ಯೋಪಾಧ್ಯಾಯರು,
ಅದೇ ಶಾಲೆ, ಪ್ರಯೋಗಾಲಯದಿಂದ ಎರಡನೇ ಬಾಗಿಲು.

ವಿಷಯ: ಸಭಾಂಗಣದಲ್ಲಿ ಚಿನ್ನದ ಬಣ್ಣದ ಚೌಕಟ್ಟಿನೊಳಗೆ ತೂಗುತ್ತಿರುವುದು ಅಧ್ಯಕ್ಷರ ಕೆನ್ನೆಯಲ್ಲ, ಈರುಳ್ಳಿ ಎಂಬ ಬಗ್ಗೆ.

ಉಲ್ಲೇಖ: ಅರ್ಜಿದಾರನ ಮಗಳ ಉತ್ತರಪತ್ರಿಕೆ, ಏಳನೇ ಪ್ರಶ್ನೆ, ಸೊನ್ನೆ ಅಂಕ.

ಮಾನ್ಯರೇ,

ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಹೊಸ ಪ್ರಯೋಗಾಲಯದ ಉದ್ಘಾಟನೆಯ ದಿನ ಆಡಳಿತ ಮಂಡಳಿಯ ಅಧ್ಯಕ್ಷರು ತಮ್ಮ ಜೀವಕೋಶಗಳನ್ನು ತಾವೇ ನೋಡಬೇಕೆಂದು ಆಸೆಪಟ್ಟರು. ಅರ್ಜಿದಾರನು ಹಲ್ಲುಕಡ್ಡಿಯಿಂದ ಅವರ ಕೆನ್ನೆಯ ಒಳಭಾಗವನ್ನು ಕೆರೆಯಬೇಕಿತ್ತು. ಅಧ್ಯಕ್ಷರ ಕೆನ್ನೆಯೆಂಬ ಭಯದಿಂದ ಬರೀ ಸವರಿದನು. ಆದಕಾರಣ ಗಾಜಿನ ಮೇಲೆ ನೀಲಿ ಬಣ್ಣ ಬಿಟ್ಟರೆ ಬೇರೇನೂ ಬರಲಿಲ್ಲ.

2. ಅಷ್ಟರಲ್ಲಿ ತಾವು "ಏನ್ರೀ, ಇನ್ನೂ ಎಷ್ಟು ಹೊತ್ತು?" ಎಂದು ಕಣ್ಣು ಕೆಕ್ಕರಿಸಿದ್ದರಿಂದ, ಮಕ್ಕಳಿಗೆ ತೋರಿಸಲು ಬೆಳಿಗ್ಗೆಯೇ ಕೆಂಪು ಬಣ್ಣ ಹಾಕಿ ಸಿದ್ಧವಿಟ್ಟಿದ್ದ ಈರುಳ್ಳಿ ಪೊರೆಯ ಗಾಜನ್ನು ಸೂಕ್ಷ್ಮದರ್ಶಕದ ಅಡಿಗೆ ಸರಿಸಿದನು. ಕೆನ್ನೆಗೆಂದು ಹಾಕಿದ ಬಣ್ಣ ನೀಲಿ, ಕಂಡದ್ದು ಕೆಂಪು, ಯಾರೂ ಕೇಳಲಿಲ್ಲ. ಅಧ್ಯಕ್ಷರು "ಅಬ್ಬಾ, ಇಟ್ಟಿಗೆ ಜೋಡಿಸಿದ ಹಾಗೆ ಎಷ್ಟು ಶಿಸ್ತಾಗಿ ಕೂತಿವೆ ನೋಡ್ರೀ!" ಎಂದರು. ಜೀವಶಾಸ್ತ್ರದಲ್ಲೇ ಪದವಿ ಪಡೆದ ತಾವೂ ಬಗ್ಗಿ ನೋಡಿ, ಒಂದು ಕ್ಷಣ ತಡೆದು, "ತಮ್ಮ ಸ್ವಭಾವವೇ ಹಾಗಲ್ವಾ ಸಾರ್" ಎಂದಿರಿ. ಚಿತ್ರ ತೆಗೆಯಲಾಯಿತು, ಹಿಗ್ಗಿಸಲಾಯಿತು, ತೂಗುಹಾಕಲಾಯಿತು.

3. ಪೊರೆ, ಕೋಶದ್ರವ್ಯ, ಕೋಶಕೇಂದ್ರ ಈ ಮೂರೂ ಮನುಷ್ಯನಿಗೂ ಈರುಳ್ಳಿಗೂ ಸಮಾನ. ಅಲ್ಲಿಯವರೆಗೆ ಅಧ್ಯಕ್ಷರಿಗೆ ಅವಮಾನವೇನಿಲ್ಲ. ಆದರೆ ಸಸ್ಯಕೋಶಕ್ಕೆ ಪೊರೆಯ ಹೊರಗೊಂದು ಗಟ್ಟಿ ಗೋಡೆಯಿದೆ, ಒಳಗೆ ನೀರು ತುಂಬಿದ ದೊಡ್ಡ ಚೀಲವಿದೆ. ಆದ್ದರಿಂದ ಕೋಶಕೇಂದ್ರ ಒಂದು ಮೂಲೆಗೆ ಸರಿದಿರುತ್ತದೆ. ಕೆನ್ನೆಯ ಕೋಶಕ್ಕೆ ಗೋಡೆಯಿಲ್ಲ. ಅದು ಕೋಶಕೇಂದ್ರವನ್ನು ನಡುವೆ ಇಟ್ಟುಕೊಂಡು ಅಂಕುಡೊಂಕಾಗಿ ಬಿದ್ದಿರುತ್ತದೆ. ಗಿಡಕ್ಕೆ ಎಲುಬಿಲ್ಲ, ಆದಕಾರಣ ಗೋಡೆ ಬೇಕು. ಮನುಷ್ಯನಿಗೆ ಬೆನ್ನೆಲುಬು ಇರುತ್ತದೆಂದು ಪಠ್ಯಪುಸ್ತಕದಲ್ಲಿದೆ.

4. ವಾರ್ಷಿಕ ಪರೀಕ್ಷೆಯ ಏಳನೇ ಪ್ರಶ್ನೆ "ಸಭಾಂಗಣದ ಚಿತ್ರದಲ್ಲಿರುವ ಜೀವಕೋಶವನ್ನು ವಿವರಿಸಿ" ಎಂದಿತ್ತು. ಇದೇ ಶಾಲೆಯಲ್ಲಿ ಓದುವ ಅರ್ಜಿದಾರನ ಮಗಳು, ಅದು ಈರುಳ್ಳಿಯದೆಂದು ಮೇಲಿನ ಕಾರಣಗಳನ್ನೇ ಬರೆದಳು. ಮೂರು ಅಂಕದ ಪ್ರಶ್ನೆಗೆ ಸೊನ್ನೆ ಬಂದು, ಎರಡು ಅಂಕದಲ್ಲಿ ಫೇಲಾದಳು. ವಿಜ್ಞಾನದ ಟೀಚರು, "ನೀನು ಬರೆದಿದ್ದೇ ಸರಿ ಕಣಮ್ಮ. ಆದ್ರೆ ಸಭಾಂಗಣದಲ್ಲಿ ತೂಗುಹಾಕಿರೋದನ್ನ ತಪ್ಪು ಅಂತ ಹೇಳಿ ನಾನು ಎಲ್ಲಿಗೆ ಹೋಗ್ಲಿ?" ಎಂದರು. ಮರುಮೌಲ್ಯಮಾಪನ ಕೇಳಿದರೆ, ಚಿತ್ರ ಈರುಳ್ಳಿಯದೆಂದು ಮುಖ್ಯೋಪಾಧ್ಯಾಯರ ಸಹಿಯಿರುವ ಕಾಗದ ತರಬೇಕಂತೆ. ನರ್ಸಿಂಗ್ ತರಬೇತಿಗೆ ಸೇರಲು ಉಳಿದಿರುವುದು ಒಂಬತ್ತು ದಿನ.

5. ಮಗಳು, "ಅಪ್ಪಾ, ಆ ಗಾಜು ಇಟ್ಟಿದ್ದು ನೀನು. ನಾನು ಬರೆದಿದ್ದು ತಪ್ಪಾ? ಅದೊಂದು ಹೇಳು" ಎಂದು ಕೇಳಿದಳು. ಅರ್ಜಿದಾರನು "ದೊಡ್ಡವರ ಸಹವಾಸ ನಮಗ್ಯಾಕಮ್ಮ" ಎಂದನು. ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಏನು ಬೇಕಾದರೂ ಅಮ್ಮನ ಮೂಲಕವೇ ಕೇಳುತ್ತಾಳೆ. ಅರ್ಜಿದಾರನಿಗೆ ನಾಚಿಕೆಯಾಗಿದೆ. ಇದಕ್ಕೆ ಕಚೇರಿ ಭಾಷೆಯಲ್ಲಿ ಬೇರೆ ಪದ ಸಿಗಲಿಲ್ಲ.

ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ ಎಂಬಂತೆ, ಮಗಳೂ ಬೇಕು ಕೆಲಸವೂ ಬೇಕು ಎಂದು ಅರ್ಜಿದಾರನು ತಡೆದದ್ದು ನಿಜ. ಚಿತ್ರ ತಪ್ಪೆಂದು ಬರೆದುಕೊಟ್ಟರೆ ಅಧ್ಯಕ್ಷರ ಮುಖಭಂಗವಾಗುತ್ತದೆಂದು ತಾವು ಎರಡು ಬಾರಿ ಹೇಳಿ ಕಳಿಸಿದ್ದೀರಿ. ಆದ್ದರಿಂದ ಅದನ್ನು ಮತ್ತೆ ಕೇಳುವುದಿಲ್ಲ. ಒಬ್ಬ ನೌಕರನನ್ನು ಶಿಕ್ಷಿಸಿದರೆ ಮಾತ್ರ ಯಾರ ಮರ್ಯಾದೆಗೂ ಕುಂದಿಲ್ಲ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ಪ್ರಯೋಗಾಲಯ ಸಹಾಯಕ

ಅಡಕಗಳು:
ಅ) ಅಧ್ಯಕ್ಷರ ಕೆನ್ನೆಯ ಮೂಲ ಗಾಜು (ಖಾಲಿ).
ಆ) ಮಗಳ ಉತ್ತರಪತ್ರಿಕೆಯ ಪ್ರತಿ.
ಇ) ಹೋಲಿಕೆಗಾಗಿ ಅರ್ಜಿದಾರನ ಕೆನ್ನೆಯ ಗಾಜು (ಚೆನ್ನಾಗಿ ಕೆರೆದಿದೆ).

ಕೋರಿಕೆ: ಅರ್ಜಿದಾರನನ್ನು ಕೆಲಸದಿಂದ ತೆಗೆದುಹಾಕಬೇಕು. ಆದೇಶದಲ್ಲಿ "ಅಧ್ಯಕ್ಷರ ಕೆನ್ನೆಯೆಂದು ಈರುಳ್ಳಿ ತೋರಿಸಿದ್ದಕ್ಕಾಗಿ" ಎಂದು ಕಾರಣವನ್ನು ಬಿಡಿಸಿ ಬರೆದು, ತಮ್ಮ ಸಹಿ, ಮೊಹರು ಹಾಕಿ, ಒಂಬತ್ತು ದಿನದೊಳಗೆ ಕೊಡಬೇಕು. ಒಂದು ಪ್ರತಿ ಸಾಕು. ಮಗಳು ಅದನ್ನು ಮರುಮೌಲ್ಯಮಾಪನದ ಅರ್ಜಿಗೆ ಲಗತ್ತಿಸುತ್ತಾಳೆ.